ದಾಸವಾಳದ ಆಚೆಗೆ

ಎಮ್ಮಿಗನೂರಿನ ವಿಜ್ಞಾನದ ಮೇಷ್ಟ್ರು ನಿವೃತ್ತರಾದ ಎರಡನೇ ತಿಂಗಳಿಗೆ ಕಂಪ್ಲಿಗೆ ಹೋಗಿ, ಗೆರೆ ಹಾಕಿದ 200 ಪುಟದ ನೋಟ್‌ಬುಕ್ಕೊಂದನ್ನು ತಂದರು. ಭತ್ತದ ಲೆಕ್ಕ ಬರೆಯಲು ಇರಬೇಕು ಎಂದು ಮನೆಯವರು ತಿಳಿದರು. ಬಡ್ಡಿ ವ್ಯವಹಾರಕ್ಕೆ ಕೈ ಹಾಕಿದರೇನೋ ಎಂದು ಅಕ್ಕಪಕ್ಕದವರು ಅಂದುಕೊಂಡರು. ಮೇಷ್ಟ್ರು ಮೊದಲ ಪುಟದ ನೆತ್ತಿಯಲ್ಲಿ ‘ಶ್ರೀ’ ಎಂದು ಬರೆದು, ಅದರ ಕೆಳಗೆ ಪುಸ್ತಕದ ಹೆಸರು ಬರೆಯಲು ಹೋಗಿ, ಎಂಟು ದಿನ ಅಲ್ಲೇ ನಿಂತರು.

ಇದಕ್ಕೆಲ್ಲ ಕಾರಣ ಹೊಸಪೇಟೆಯಲ್ಲಿ ಪುಸ್ತಕ ಅಚ್ಚು ಹಾಕಿಸುವ ಹಳೆಯ ಗೆಳೆಯ. “ಅಡುಗೆ, ಜ್ಯೋತಿಷ್ಯ, ಅದು. ಈ ಮೂರು ಬಿಟ್ರೆ ನಾಲ್ಕನೇದು ಮಾರಾಟ ಆಗಲ್ಲ. ಅಡುಗೆ ನಿಮಗೆ ಬರಲ್ಲ. ವಿಜ್ಞಾನದ ಮೇಷ್ಟ್ರು ಜ್ಯೋತಿಷ್ಯ ಬರೆದ್ರೆ ಊರು ನಗ್ತದೆ. ಉಳಿದದ್ದು ಅದೊಂದೇ. ಕರಾರು ಏನಪಾ ಅಂದ್ರೆ, ಗಂಡಸರೂ ಓದಬೇಕು, ಹೆಂಗಸರೂ ಓದಬೇಕು” ಎಂದಿದ್ದ. ‘ಅದು’ ಎನ್ನುವಾಗ, ಅಂಗಡಿಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಅತ್ತಿತ್ತ ನೋಡಿ ದನಿ ತಗ್ಗಿಸಿದ್ದ.

ಮೇಷ್ಟ್ರು ಸಿಕ್ಕಿಬಿದ್ದದ್ದು ಆ ‘ಅದು’ವಿನಲ್ಲೇ. ಅದಕ್ಕೆ ಹೆಸರೇನು? ‘ಸಂಭೋಗ’ ಎಂದರೆ ಅಲಂಕಾರಶಾಸ್ತ್ರದ ಪರೀಕ್ಷೆ ಬರೆದಂತಾಗುತ್ತದೆ. ‘ಮೈಥುನ’ ಎಂದರೆ ಪಂಚಾಂಗದಲ್ಲಿ ಮಿಥುನ ರಾಶಿಯ ಪಕ್ಕದ ಮನೆಯಂತೆ ಕೇಳುತ್ತದೆ. ‘ಲೈಂಗಿಕ ಕ್ರಿಯೆ’ ಎಂದರೆ ಎಫ್‌ಐಆರ್. ‘ಕೂಡುವುದು’ ಎಂದರೆ ಗಣಿತದ ಮೇಷ್ಟ್ರು ಪಕ್ಕದ ಕ್ಲಾಸಿನಿಂದ ಎದ್ದು ಬಂದು ಕಳೆಯುವುದನ್ನೂ ಗುಣಿಸುವುದನ್ನೂ ಸೇರಿಸಿಬಿಡುತ್ತಾರೆ. ‘ಸೆಕ್ಸ್’ ಎಂದರೆ ಸಲೀಸು. ಆದರೆ ಫಾರಂ ತುಂಬುವಾಗ ಅದರ ಮುಂದೆ ಗಂಡು ಅಥವಾ ಹೆಣ್ಣು ಎಂದು ಟಿಕ್ ಹಾಕಿ ಹಾಕಿ ಆ ಪದದ ರಸವೇ ಇಂಗಿಹೋಗಿದೆ. ಊರಿನ ಜನ ಆಡುವ ಮಾತು ‘ಸಂಸಾರ ಮಾಡೋದು’. ಅದೇ ಸರಿ ಎನ್ನೋಣವೆಂದರೆ ಆ ಮಾತಿನೊಳಗೆ ರೇಷನ್ ಕಾರ್ಡು, ಮಕ್ಕಳ ಫೀಸು, ಅತ್ತೆಯ ಮಂಡಿನೋವು ಎಲ್ಲವೂ ತುಂಬಿ, ‘ಅದಕ್ಕೆ’ ಕೂರಲು ಜಾಗವೇ ಇಲ್ಲ.

ಮೇಷ್ಟ್ರ ಕಷ್ಟಕ್ಕೆ ಇನ್ನೊಂದು ಹಿನ್ನೆಲೆಯೂ ಇತ್ತು. ಹತ್ತನೇ ತರಗತಿಯ ವಿಜ್ಞಾನದಲ್ಲಿ ಜೀವಿಗಳ ಸಂತಾನೋತ್ಪತ್ತಿಯದೊಂದು ಪಾಠವಿದೆ. ಅದು ಬಂದಾಗಲೆಲ್ಲ ಅವರು ಶಾಲೆಯ ಕಾಂಪೌಂಡಿನಿಂದ ಒಂದು ದಾಸವಾಳ ಕೀಳಿಸಿ ತರಿಸುತ್ತಿದ್ದರು. ಕೇಸರ, ಪರಾಗ, ಶಲಾಕೆ, ಶಲಾಕಾಗ್ರ, ಅಂಡಾಶಯ ಎಂದು ಒಂದೊಂದನ್ನೇ ಬಿಡಿಸಿ, ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಎರಡು ಪಿರಿಯಡ್ ಮುಗಿಸುತ್ತಿದ್ದರು. ಮನುಷ್ಯರ ಭಾಗ ಬಂದ ಕೂಡಲೇ “ಇದು ಸುಲಭ ಐತೆ, ಮನೆಯಲ್ಲೇ ಓದಿಕೊಳ್ಳಿ” ಎಂದು ಮುಂದಿನ ಪಾಠಕ್ಕೆ ಹಾರುತ್ತಿದ್ದರು. ಹೀಗೆ ಒಂದಿಡೀ ತಲೆಮಾರು ದಾಸವಾಳದ ದಾಂಪತ್ಯವನ್ನು ಅರೆದು ಕುಡಿದು, ತನ್ನ ದಾಂಪತ್ಯಕ್ಕೆ ಬರಿಗೈಯಲ್ಲಿ ಹೋಗಿತ್ತು.

ಮಾರುಕಟ್ಟೆ ನೋಡಿ ಬರೋಣವೆಂದು ಅವರು ಹೊಸಪೇಟೆ ಬಸ್ ನಿಲ್ದಾಣದ ಪುಸ್ತಕದಂಗಡಿಯ ಮುಂದೆ ಒಂದು ತಾಸು ನಿಂತರು. ಎಡಗಡೆ, ಪ್ಲಾಸ್ಟಿಕ್ ಹೊದಿಕೆಯೊಳಗೆ ಉಸಿರುಗಟ್ಟಿ ಮಲಗಿದ್ದ ‘ಅದರ’ ಪತ್ರಿಕೆಗಳು. ಗಿರಾಕಿಗಳೆಲ್ಲ ಗಂಡಸರು, ಕೊಳ್ಳುವಾಗ ಕಣ್ಣು ಮಾತ್ರ ಬಳ್ಳಾರಿ ಬಸ್ಸಿನ ಬೋರ್ಡಿನ ಮೇಲೆ. ಬಲಗಡೆ, ರಂಗೋಲಿ, ಉಪ್ಪಿನಕಾಯಿ, ವರಮಹಾಲಕ್ಷ್ಮಿ ವ್ರತ; ಗಿರಾಕಿಗಳೆಲ್ಲ ಹೆಂಗಸರು. ಇಬ್ಬರೂ ಕೈ ಚಾಚಬಹುದಾದ ಪುಸ್ತಕವನ್ನು ಅಂಗಡಿಯವನು ಎಲ್ಲಿಡುತ್ತಾನೆ? ನಡುವೆ ಇದ್ದದ್ದು ರೈಲ್ವೆ ವೇಳಾಪಟ್ಟಿ.

ಹಾಗೆಂದು ಇಂಥ ಪುಸ್ತಕವನ್ನು ಕನ್ನಡದಲ್ಲಿ ಯಾರೂ ಬರೆದೇ ಇಲ್ಲವೆಂದಲ್ಲ. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ಕಾದಂಬರಿ ಬರೆದ ಕೈಯಲ್ಲೇ ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’ ಬರೆದರು. ಹೆಸರುಗಳನ್ನು ಒಂದರ ಕೆಳಗೊಂದು ಇಟ್ಟರೆ ಹೆಣ್ಣೊಬ್ಬಳ ಜಾತಕವೇ ಆಗುತ್ತದೆ: ಹುಡುಗಿ, ಮದುಮಗಳು, ಹೆಂಡತಿ, ತಾಯಿ. ವೈದ್ಯೆಯೂ ಲೇಖಕಿಯೂ ಒಬ್ಬರೇ ಆದ್ದರಿಂದ ಅವರಿಗೆ ಯಾವುದನ್ನೂ ‘ಅದು’ ಎನ್ನುವ ಅಗತ್ಯ ಬೀಳಲಿಲ್ಲ. ಮೇಷ್ಟ್ರ ಮನೆಯ ಟ್ರಂಕಿನಲ್ಲೂ ಇವುಗಳಲ್ಲೊಂದು ಸಿಕ್ಕಿತು, ರೇಷ್ಮೆ ಸೀರೆಯ ಮಡಿಕೆಯಲ್ಲಿ, ನ್ಯಾಫ್ತಲಿನ್ ಗುಳಿಗೆಯ ಪಕ್ಕದಲ್ಲಿ. ಮನೆಯವರು ಮದುವೆಯ ವರ್ಷವೇ ಓದಿಟ್ಟಿದ್ದರಂತೆ. “ನನಗ್ಯಾಕೆ ತೋರಿಸಲಿಲ್ಲ?” ಎಂದರೆ “ನೀವು ಕೇಳಲಿಲ್ಲ” ಎಂದರು.

ಒಂದು ಭಾನುವಾರ ಮೇಷ್ಟ್ರು ಸಂಶೋಧನೆಗೆಂದು ಹಂಪಿಗೆ ಹೋದರು. ಸಂಶೋಧನೆ ಎಂಬ ಮಾತು ಕೇಳಿ ಮನೆಯವರೂ ಹೊರಟರು.

ವಿರೂಪಾಕ್ಷನ ಮಹಾಗೋಪುರ ಸುಮಾರು 50 ಮೀಟರ್ ಎತ್ತರ. ಅದರ ಗಾರೆ ಬೊಂಬೆಗಳ ನಡುವೆ ಮಿಥುನಗಳೂ ಇವೆ. ಕೆಳಗೆ ನಿಂತು ನೋಡಿದರೆ ಭಕ್ತರ ವರ್ತನೆಯೇ ಒಂದು ಶಾಸ್ತ್ರ. ಗಂಡಸರು ಕಲಶ ನೋಡುವ ನೆಪದಲ್ಲಿ ಕತ್ತು ಎತ್ತಿ, ಕಲಶಕ್ಕಿಂತ ಬಹಳ ಕೆಳಗೆ ನಿಲ್ಲುತ್ತಾರೆ. ಹೆಂಗಸರು ಮಗುವಿಗೆ ಕೋತಿ ತೋರಿಸುವ ನೆಪದಲ್ಲಿ ನೋಡುತ್ತಾರೆ. ಇಬ್ಬರೂ ನೋಡುವುದು ಒಂದನ್ನೇ. ಒಟ್ಟಿಗೆ ನೋಡುವುದಿಲ್ಲ, ಅಷ್ಟೇ.

ಕಾನೂನಿಗೂ ಈ ಗೋಪುರದ ಮೇಲೆ ಮಮತೆ. ಅಶ್ಲೀಲ ವಸ್ತುಗಳ ಮಾರಾಟವನ್ನು ತಡೆಯುವ ಭಾರತೀಯ ದಂಡ ಸಂಹಿತೆಯ 292ನೇ ಕಲಂ, ಅಂದರೆ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ, ಪುರಾತನ ಸ್ಮಾರಕಗಳ ಮೇಲಿನ, ದೇವಸ್ಥಾನಗಳ ಮೇಲಿನ, ಅಷ್ಟೇ ಏಕೆ, ದೇವರನ್ನು ಕೂರಿಸಿ ಎಳೆಯುವ ತೇರಿನ ಮೇಲಿನ ಕೆತ್ತನೆಗಳಿಗೂ ಹೆಸರು ಹಿಡಿದು ವಿನಾಯಿತಿ ಕೊಟ್ಟಿದೆ. ಪುಸ್ತಕಕ್ಕೂ ವಿನಾಯಿತಿ ಉಂಟು. ಆದರೆ ಅದು ವಿಜ್ಞಾನ, ಸಾಹಿತ್ಯ, ಕಲೆ ಅಥವಾ ಕಲಿಕೆಯ ಮೂಲಕ ಲೋಕಹಿತಕ್ಕಾಗಿ ಬಂದದ್ದೆಂದು ಸಾಬೀತಾಗಬೇಕು. ಕಲ್ಲಾದರೆ ಏನನ್ನೂ ಸಾಬೀತು ಮಾಡಬೇಕಿಲ್ಲ. ನೋಟ್‌ಬುಕ್ಕಿನ ಬದಲು ಒಂದು ಚಪ್ಪಡಿ ತರಬೇಕಿತ್ತು ಎಂದು ಮೇಷ್ಟ್ರಿಗೆ ಅನ್ನಿಸಿತು.

ಗುಡಿಯ ಬಗಲಿಗೇ ಮನ್ಮಥ ಹೊಂಡ. ಮೇಲಕ್ಕೆ ಹೇಮಕೂಟ. ಶಿವ ಮೂರನೇ ಕಣ್ಣು ಬಿಟ್ಟು ಕಾಮನನ್ನು ಸುಟ್ಟದ್ದು ಅಲ್ಲೇ ಎನ್ನುತ್ತದೆ ಸ್ಥಳಪುರಾಣ. ರತಿ ಅತ್ತು ಬೇಡಿದ ಮೇಲೆ ಕಾಮ ಬದುಕಿಕೊಂಡ, ಮೈಯಿಲ್ಲದೆ. ಸುಟ್ಟ ದೇವರೇ ಆಮೇಲೆ ಪಂಪೆಯನ್ನು ಮದುವೆಯಾದ. ಆ ನಿಶ್ಚಿತಾರ್ಥ ಇಂದಿಗೂ ಫಲಪೂಜೆಯ ಹೆಸರಿನಲ್ಲಿ ವರ್ಷವರ್ಷವೂ ನಡೆಯುತ್ತದೆ. ಇತ್ತ ಮಗ ಕುಮಾರಸ್ವಾಮಿ ಸಂಡೂರಿನ ಬೆಟ್ಟದಲ್ಲಿ ಬ್ರಹ್ಮಚಾರಿಯಾಗಿ ಕೂತ. ಅವನ ದರ್ಶನ ಹೆಂಗಸರಿಗಿಲ್ಲ ಎಂಬುದು ಅಲ್ಲಿ ತಲೆತಲಾಂತರದ ರೂಢಿ. ಒಂದೇ ಸೀಮೆಯಲ್ಲಿ ಕಾಮವನ್ನು ಸುಟ್ಟವನು, ಸುಟ್ಟು ಮದುವೆಯಾದವನು, ಮದುವೆಯೇ ಬೇಡವೆಂದವನು ಎಲ್ಲ ಇದ್ದಾರೆ. ಅವರೆಲ್ಲ ಒಂದೇ ಕುಟುಂಬದವರು. ಇಂಥ ಸೀಮೆಯವನು ಪುಸ್ತಕ ಬರೆಯಲು ತಿಣುಕುವುದೇ ಎಂದು ಮೇಷ್ಟ್ರಿಗೆ ಹುಮ್ಮಸ್ಸು ಬಂತು.

ಅದೂ ಅಲ್ಲದೆ, ಇದೇ ಹಂಪಿಯಿಂದ ಆಳಿದ ಪ್ರೌಢದೇವರಾಯನ ಹೆಸರಿನಲ್ಲಿ ‘ರತಿರತ್ನಪ್ರದೀಪಿಕೆ’ ಎಂಬ ಸಂಸ್ಕೃತ ಗ್ರಂಥವಿದೆ. ಅವನ ಕಾಲದಲ್ಲಿ, 1443ರಲ್ಲಿ, ಪರ್ಷಿಯಾದಿಂದ ಬಂದ ಅಬ್ದುರ್ ರಜಾಕ್ ಇಲ್ಲಿನ ವೇಶ್ಯಾಬೀದಿಯನ್ನು ಬಾಯಿ ಚಪ್ಪರಿಸಿ ವರ್ಣಿಸಿ, ಅಲ್ಲಿಂದ ಬರುವ ತೆರಿಗೆಯಲ್ಲೇ ನಗರದ ಕಾವಲುಗಾರರ ಸಂಬಳ ನಡೆಯುತ್ತದೆಂದು ಬರೆದಿಟ್ಟ. ಅದೇ ಶತಮಾನದಲ್ಲಿ ಕಲ್ಲರಸ ‘ಜನವಶ್ಯ’ವನ್ನು ಕನ್ನಡದಲ್ಲೇ ಬರೆದ. ಅವನು ಹಿಡಿದದ್ದು ಕೊಕ್ಕೋಕನ ‘ರತಿರಹಸ್ಯ’ದ ದಾರಿ.

ಕೊಕ್ಕೋಕನ ಹೆಸರೆತ್ತಿದ ಕಡೆಯೇ ಮೇಷ್ಟ್ರು ಮುಗ್ಗರಿಸಿದರು. ಆತ ಹೆಣ್ಣನ್ನು ಪದ್ಮಿನಿ, ಚಿತ್ರಿಣಿ, ಶಂಖಿನಿ, ಹಸ್ತಿನಿ ಎಂದು ನಾಲ್ಕು ಜಾತಿ ಮಾಡಿದ್ದಾನೆಂದು ಕಮಲ ಮಹಲಿನ ನೆರಳಿನಲ್ಲಿ ಕೂತು ವಿವರಿಸಿದರು. ಎದುರಿಗೆ ಕಮಲ, ಅಲ್ಲೇ ಆಚೆಗೆ ಹನ್ನೊಂದು ಅಂಕಣದ ಆನೆ ಲಾಯ.

“ಹಂಗಾದ್ರೆ ನಾನು ಯಾವುದ್ರೀ?” ಎಂದರು ಮನೆಯವರು.

ಇಂಥ ಪ್ರಶ್ನೆಗೆ ಕೊಕ್ಕೋಕನೂ ಉತ್ತರ ಬರೆದಿಟ್ಟಿಲ್ಲ. ಮೇಷ್ಟ್ರ ಕಣ್ಣು ತಮಗರಿವಿಲ್ಲದೆ ಆನೆ ಲಾಯದ ಕಡೆಗೆ ಹೋಗಿ, ಬೆದರಿ, ಕಮಲ ಮಹಲಿಗೆ ವಾಪಸಾಯಿತು. ಅಷ್ಟು ಸಾಕಿತ್ತು. “ನಾಲ್ಕೇ ಯಾಕೆ, ಎಮ್ಮಿಗನೂರಿನವರಿಗೆ ಎಮ್ಮೆ ಅಂತ ಐದನೇದು ಮಾಡಬೇಕಿತ್ತು” ಎಂದವರು ಹೊಸಪೇಟೆ ತಲುಪುವವರೆಗೆ ಮಾತಾಡಲಿಲ್ಲ.

ರಾತ್ರಿ ಊಟವಾದ ಮೇಲೆ ಅವರೇ ಬಾಯಿ ಬಿಟ್ಟರು. “ಆ ಪುಸ್ತಕ ಬರೆದವರೆಲ್ಲ ಹೆಂಗಸರನ್ನ ದನದ ಸಂತೇಲಿ ಹಲ್ಲು ಎಣಿಸಿದಂಗೆ ಎಣಿಸ್ಯಾರೆ. ಹೆಂಗಸರನ್ನ ಕೇಳಿ ಬರೆದವರು ಯಾರೂ ಇಲ್ಲೇನು?”

ಕೇಳಿ ಬರೆದವರು ಇದ್ದರು. ಪಾಟಲೀಪುತ್ರದ ಗಣಿಕೆಯರು ಹೇಳಿ ಬರೆಸಿದ್ದರಿಂದಲೇ ದತ್ತಕನೆಂಬುವನು ವೈಶಿಕ, ಅಂದರೆ ಗಣಿಕೆಯರ, ಭಾಗವನ್ನು ಬರೆದನೆಂದು ಕಾಮಸೂತ್ರದ ವಾತ್ಸ್ಯಾಯನ ಹೇಳುತ್ತಾನೆ. ಹೆಂಗಸರು ಇದನ್ನು ಓದಬೇಕೇ ಎಂಬ ಪ್ರಶ್ನೆಯನ್ನೂ ಆತ ಎತ್ತಿಕೊಂಡು, ಬೇಡವೆಂದ ಪಂಡಿತರ ಜತೆ ವಾದಿಸಿ, ಓದಬೇಕೆಂದು ತೀರ್ಮಾನಿಸುತ್ತಾನೆ. ಯಾರಿಂದ ಕಲಿಯಬೇಕೆಂದೂ ಪಟ್ಟಿ ಕೊಡುತ್ತಾನೆ: ಜತೆಗೆ ಬೆಳೆದು ಮೊದಲೇ ಮದುವೆಯಾದ ಸಾಕುತಾಯಿಯ ಮಗಳು, ನಂಬುಗೆಯ ಗೆಳತಿ, ಸಮವಯಸ್ಸಿನ ಚಿಕ್ಕಮ್ಮ, ಅಕ್ಕ. ಎಮ್ಮಿಗನೂರಿನ ನಲ್ಲಿಕಟ್ಟೆಯಲ್ಲಿ ಇಂದಿಗೂ ಇದೇ ಪಠ್ಯಕ್ರಮ ಎಂದು ಮನೆಯವರು ಒಪ್ಪಿಕೊಂಡರು.

ಕಾಮಸೂತ್ರ ಎಂದರೆ ಆಸನಗಳ ಪಟ್ಟಿ ಎಂದು ಜಗತ್ತೇ ತಿಳಿದಿದೆ. ಏಳು ಅಧಿಕರಣಗಳಲ್ಲಿ ಅವು ಬರುವುದು ಎರಡನೆಯದರ ಒಂದು ಮೂಲೆಯಲ್ಲಿ. ಮೂರನೆಯದರಲ್ಲಿ ಹೊಸ ಮದುವೆಯ ಮಾತಿದೆ. ಮೊದಲ ಮೂರು ರಾತ್ರಿ ಹೆಣ್ಣನ್ನು ಮುಟ್ಟದೆ ಇರಬೇಕು, ಆಮೇಲೂ ಅವಳ ನಂಬಿಕೆ ಗಳಿಸುತ್ತ ನಿಧಾನವಾಗಿ ನಡೆಯಬೇಕು, ಅವಸರ ಮಾಡಿದರೆ ಅವಳಿಗೆ ಆ ಸಂಗತಿಯೇ ಹೇಸಿಗೆಯಾಗಬಹುದು ಎಂದು. ಮೇಷ್ಟ್ರು ಇದನ್ನು ಓದಿ ಹೇಳಿದಾಗ ಮನೆಯವರು ಹೆಸರುಬೇಳೆ ಆರಿಸುವುದನ್ನು ನಿಲ್ಲಿಸಿದರು. “ಇಷ್ಟು ಹಳೇ ಪುಸ್ತಕದಾಗೆ ಐತಾ ಇದು?” ಎಂದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ದಾಸವಾಳದಲ್ಲಿ ಈ ಭಾಗ ಇರಲಿಲ್ಲ.

ನಾಗರಿಕನ ಶಯನಗೃಹದ ವರ್ಣನೆ ಬಂದಾಗ ಮತ್ತೆ ನಗು. ಎರಡೂ ಕಡೆ ದಿಂಬಿನ ಮೆತ್ತನೆಯ ಹಾಸಿಗೆ, ಮೇಲೆ ಬಿಳಿ ಹೊದಿಕೆ, ದಂತದ ಗೂಟಕ್ಕೆ ತೂಗುಬಿಟ್ಟ ವೀಣೆ. “ನಮ್ಮ ಗೂಟಕ್ಕೆ ಔಷಧ ಹೊಡೆಯೋ ಪಂಪು ಐತೆ” ಎಂದ ಮನೆಯವರು, ವಾತ್ಸ್ಯಾಯನ ಮರೆತ ಒಂದು ವಸ್ತುವನ್ನೂ ಎತ್ತಿ ಹೇಳಿದರು: “ಚಿಲಕ. ಹತ್ತು ಮಂದಿ ಇರೋ ಮನ್ಯಾಗೆ ಮೊದಲು ಚಿಲಕ ಬೇಕು. ಬರಕೊಳ್ರಿ.” ಮೇಷ್ಟ್ರು ಬರೆದುಕೊಂಡರು. ನೋಟ್‌ಬುಕ್ಕಿನ ಮೊದಲ ವಾಕ್ಯ ಅದೇ ಆಯಿತು.

ಆಮೇಲೆ ಅವರಿಬ್ಬರ ಓದು ದಿಕ್ಕಾಪಾಲಾಗಿ ಹರಿಯಿತು. ಲಂಡನ್ನಿನ ಮೇರಿ ಸ್ಟೋಪ್ಸ್ ಎಂಬಾಕೆ 1918ರಲ್ಲಿ ‘ಮ್ಯಾರೀಡ್ ಲವ್’ ಬರೆದು ಗಂಡ ಹೆಂಡಿರಿಬ್ಬರಿಗೂ ಓದಿಸಿದರು. ವೃತ್ತಿಯಲ್ಲಿ ಆಕೆ ಕಲ್ಲಿದ್ದಲಿನೊಳಗಿನ ಗಿಡಗಳ ಪಳೆಯುಳಿಕೆ ಓದುವ ವಿಜ್ಞಾನಿ. ತಮ್ಮ ಮೊದಲ ಮದುವೆ ಅಜ್ಞಾನದಿಂದಲೇ ಮುರಿದದ್ದು ಆ ಪುಸ್ತಕಕ್ಕೆ ಕಾರಣವೆಂದು ಆಕೆಯೇ ಬರೆದಿದ್ದಾರೆ. ಅಮೆರಿಕದಲ್ಲಿ ಅದು 1931ರವರೆಗೆ ನಿಷಿದ್ಧ. ಅದಕ್ಕೂ ಒಂದು ವರ್ಷ ಮೊದಲೇ, 1930ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರ ತಾನೇ ಮುಂದಾಗಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. ಬಳ್ಳಾರಿ ಸೀಮೆ ಆಗ ಮದರಾಸಿನ ಕೈಯಲ್ಲಿತ್ತು. ಮೇಷ್ಟ್ರ ಅಜ್ಜಿಗೆ ಹನ್ನೊಂದು ಮಕ್ಕಳು.

ಜನ್ನನ ‘ಯಶೋಧರ ಚರಿತೆ’ಯ ಮೇಲೆ ಎರಡು ರಾತ್ರಿ ಜಗಳವೇ ನಡೆಯಿತು. ‘ಅನುಭವಮುಕುರ’ ಎಂಬ ಕಾಮಶಾಸ್ತ್ರವೂ ಈ ಕವಿಯ ಹೆಸರಿನಲ್ಲಿದೆ. ಆದರೆ 1209ರ ಈ ಕಾವ್ಯದಲ್ಲಿ ರಾಣಿ ಅಮೃತಮತಿ ಕೇಳಿದ ಒಂದು ಹಾಡಿಗೆ ಸೋತು, ಅಂದದ ಅರಸನನ್ನು ಬಿಟ್ಟು, ಕುರೂಪಿ ಮಾವುತನ ಬೆನ್ನು ಹತ್ತುತ್ತಾಳೆ. ವಿಧಿಯ ಆಟ ಎಂದರು ಮೇಷ್ಟ್ರು. “ಆ ಅರಸ ಒಂದಿನನಾದ್ರೂ ಹಾಡಿದ್ನಾ?” ಎಂದು ಮನೆಯವರು ಕೇಳಿದರು.

ಕೊನೆಗೆ ಸಿಕ್ಕವನು ಚಂದ್ರರಾಜ. ಹನ್ನೊಂದನೇ ಶತಮಾನದ ಚಾಲುಕ್ಯ ದೊರೆ ಜಯಸಿಂಹನ ಕಾಲದವನು, ಮಾಚಿರಾಜನೆಂಬ ಸಾಮಂತನ ಆಶ್ರಿತ. ವಾತ್ಸ್ಯಾಯನನನ್ನು ಅನುಸರಿಸಿ ಅವನು ಬರೆದ ‘ಮದನತಿಲಕ’ ಕನ್ನಡದಲ್ಲಿ ನಮಗೆ ದೊರೆತ ಅತಿ ಹಳೆಯ ಕಾಮಶಾಸ್ತ್ರ. ಪಂಡಿತರ ಹಳೆಯ ಮಾತು ಬಿಟ್ಟು ಆ ಕಾಲದ ಹೊಸಗನ್ನಡ ಹಿಡಿದ. ಗ್ರಂಥವನ್ನು ಕಟ್ಟಿದ ಬಗೆ ಇನ್ನೂ ಸೊಗಸು. ಮಾಚಿರಾಜನೂ ಅವನ ಹೆಂಡತಿಯೂ ಕೂತು ಮಾತಾಡುತ್ತಾರೆ. ಮಾತಾಡುತ್ತ ಆಡುತ್ತ ಶಾಸ್ತ್ರ ಮುಗಿಯುತ್ತದೆ.

ಹೊಸಪೇಟೆಯ ಗೆಳೆಯನ ಕರಾರನ್ನು ಚಂದ್ರರಾಜ ಸುಮಾರು 1000 ವರ್ಷ ಮೊದಲೇ ಈಡೇರಿಸಿದ್ದ. ಮೇಷ್ಟ್ರು ಪೆನ್ನು ಕೆಳಗಿಟ್ಟು, ನೋಟ್‌ಬುಕ್ಕನ್ನು ಮಂಚದ ಆಚೆ ಬದಿಗೆ ಸರಿಸಿದರು. ಮನೆಯವರು ಕನ್ನಡಕ ಹುಡುಕಿಕೊಂಡು ಬಂದು, ಮೊದಲ ಪುಟದ ‘ಶ್ರೀ’ಯ ಕೆಳಗೆ ಇನ್ನೂ ಖಾಲಿಯಿದ್ದ ಜಾಗ ನೋಡಿದರು. “ಹೆಸರು ಆಮೇಲೆ ಇಡೋಣ. ಮಕ್ಕಳಿಗೂ ಹಂಗೇ ಮಾಡಿದ್ವಲ್ಲ” ಎಂದು ಎರಡನೇ ಪುಟ ತಿರುವಿದರು.

ಪುಸ್ತಕ ಇನ್ನೂ ಮುಗಿದಿಲ್ಲ. ಈ ಸುಗ್ಗಿಯವರೆಗೆ 86 ಪುಟ ಆಗಿದೆ. ಅದರಲ್ಲಿ ಮೇಷ್ಟ್ರ ಕೈಬರಹ ಇರುವುದು 19 ಪುಟದಲ್ಲಿ.