ಘೋರನಾದೋಪಾಸಕ

ಸಂಗೀತವು ಮನಸ್ಸಿಗೆ ಶಾಂತಿಯನ್ನು ಕೊಡತಕ್ಕದ್ದೆಂದು ನಂಬಿ ಬಾಳಿದವರಿಗೆ ಟೆಕ್ನಿಕಲ್ ಡೆತ್ ಮೆಟಲ್ ಎಂಬ ನಾದವಿಶೇಷದ ಉಪಾಸಕನು ಮೊದಲ ನೋಟಕ್ಕೆ ಭಯವನ್ನೂ ಎರಡನೆಯ ನೋಟಕ್ಕೆ ಕನಿಕರವನ್ನೂ ಹುಟ್ಟಿಸುವನಾದರೂ, ಬೆಂಗಳೂರಿನ ಬಡಾವಣೆಗಳಲ್ಲಿ ಇಂಥವನೊಬ್ಬನು ಮಹಡಿಯ ಮೇಲೆ ಬಿಡಾರ ಹೂಡಿರುವುದು ಈಗ ಅಪರೂಪವೇನಲ್ಲ. ಅವನು ತೊಡುವುದು ಕರಿಯ ಅಂಗಿ. ಅದರ ಎದೆಯ ಮೇಲೆ ಆಲದ ಬೇರುಗಳು ಒಂದನ್ನೊಂದು ನುಂಗಹೊರಟಂತಿರುವ ಬಿಳಿಯ ಜಟಿಲಾಕೃತಿ. ಅದು ವಾದ್ಯವೃಂದದ ಹೆಸರೆಂದು ಅವನು ಹೇಳಿದರೆ ನಾವು ನಂಬಬೇಕು. ಆ ಅಂಗಿಯನ್ನು ಅವನ ತಾಯಿಯವರು ಒಳಮೈ ಹೊರಗಾಗಿ ತಿರುಗಿಸಿಯೇ ಹಗ್ಗಕ್ಕೆ ಹಾಕುವರು. ಕೇಳಿದರೆ, ಬಣ್ಣ ಮಾಸಬಾರದೆಂದು ಹೇಳಿ, ಎದುರುಮನೆಯ ಕಡೆಗೊಮ್ಮೆ ನೋಡುವರು.

ವ್ಯಕ್ತಿಯಾದರೋ ಪರಮಸಾಧು. ಶವಚ್ಛೇದನ, ಕೊಳೆತ, ಪ್ರಳಯ ಮುಂತಾದ ವಿಷಯಗಳನ್ನುಳ್ಳ ಪದ್ಯಗಳೆಲ್ಲವೂ ಅವನಿಗೆ ಕಂಠಸ್ಥ. ರಕ್ತಪರೀಕ್ಷೆಯ ಸೂಜಿಯನ್ನು ಕಂಡರೆ ಮಾತ್ರ ಗೋಡೆಯ ಕಡೆ ಮುಖ ತಿರುಗಿಸುವನು. ಗಾಯಕನು ಗಂಟಲಿನ ತಳದಿಂದೆತ್ತುವ ಆ ಗರ್ಜನೆಯಲ್ಲಿ ಒಂದಕ್ಷರವೂ ನಮಗೆ ತಿಳಿಯದೆಂದರೆ, "ಅದು ಮಾತಲ್ಲ ಸಾರ್, ಅದೂ ಒಂದು ವಾದ್ಯ" ಎಂದು ವಿನಯದಿಂದಲೇ ತಿದ್ದುವನು.

ಈ ಪಂಥದ ಮೂಲಕ್ಷೇತ್ರ ಅಮೆರಿಕದ ಫ್ಲಾರಿಡಾ. ಅಲ್ಲಿಯ ಟ್ಯಾಂಪಾ ನಗರದ ಮಾರಿಸೌಂಡ್ ಎಂಬ ಧ್ವನಿಮುದ್ರಣಾಲಯವು ಇವನಿಗೆ ತಿರುವಯ್ಯಾರಿಗೆ ಸಮಾನ. ಚಕ್ ಶುಲ್ಡಿನರನ 'ಡೆತ್' ತಂಡದ 'ಹ್ಯೂಮನ್', ಜಾಜ಼್ ಸಂಗೀತದ ನಡೆಯನ್ನು ಈ ಆರ್ಭಟದೊಳಕ್ಕೆ ತಂದ 'ಏಥಿಯಿಸ್ಟ್' ತಂಡದ ಎರಡನೆಯ ಆಲ್ಬಂ, ಎರಡೂ ಅಲ್ಲಿಯೇ ಮುದ್ರಿತವಾಗಿ 1991ರಲ್ಲಿ ಹೊರಬಂದವೆಂಬುದನ್ನು, ನಾವು ಕೇಳದಿದ್ದರೂ, ಅವನು ಹೇಳುವನು. ಜರ್ಮನಿಯ ಮುಹಮ್ಮದ್ ಸುಯಿಚ್ಮೆಜ಼್ ಎಂಬವನು 'ನೆಕ್ರೊಫೇಜಿಸ್ಟ್' ಎಂಬ ಹೆಸರಿನಲ್ಲಿ 1999ರಲ್ಲೊಂದು, 2004ರಲ್ಲೊಂದು ಆಲ್ಬಂ ಹೊರತಂದು ಮೌನವಾದನಷ್ಟೆ. ಮೂರನೆಯದನ್ನು ಭಕ್ತನು ಶಬರಿಯ ನಿಷ್ಠೆಯಿಂದ ಇಂದಿಗೂ ಕಾಯುತ್ತಿರುವನು.

ಇದರಲ್ಲಿ ರುಚಿಯಾದರೂ ಏನೆಂಬ ಪ್ರಶ್ನೆಗೆ ನನಗೆ ಉತ್ತರ ದೊರಕಿದ್ದು ಅವನ ಬೆರಳುಗಳಿಂದ. ನಿಮಿಷಕ್ಕೆ 250 ಮಾತ್ರೆಗಳ ವೇಗದಲ್ಲಿ, ಮಾತ್ರೆಗೆ ನಾಲ್ಕು ಪೆಟ್ಟು, ಎಂದರೆ ಸೆಕೆಂಡಿಗೆ ಸುಮಾರು 17 ಪೆಟ್ಟುಗಳಂತೆ, ವಾದಕನು ಎರಡೂ ಪಾದಗಳಿಂದ ಡ್ರಮ್ಮನ್ನು ತುಳಿಯುತ್ತಿರುವಲ್ಲಿ, ಗಿಟಾರು ಒಂಬತ್ತಕ್ಕೊಮ್ಮೆ, ಹನ್ನೊಂದಕ್ಕೊಮ್ಮೆ ತಿರುವಿಕೊಂಡು ಓಡುವಾಗ, ಉಳಿದವರಿಗೆ ಕೇಳುವುದು ಗದ್ದಲ. ಇವನಿಗೆ ಕಾಣುವುದು ಲೆಕ್ಕ. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಬೆರಳಗೆಣ್ಣುಗಳನ್ನೆಣಿಸುತ್ತಾ, ತಂಡದವರೆಲ್ಲರೂ ಒಟ್ಟಿಗೆ ಬಂದಿಳಿಯುವ ಠಾವಿನಲ್ಲಿ "ಆಹಾ!" ಎನ್ನುವನು. ಆ ಹತ್ತು ಕ್ಷಣಗಳಿಗಾಗಿ ಹಾಡನ್ನು ನಾಲ್ಕು ಬಾರಿ ಹಿಂದಕ್ಕೆ ಎಳೆಯುವನು.

ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿಯ ಕಚೇರಿಗಳನ್ನು ಕೇಳಿದವರು ಈ ಪ್ರಾಣಿಯನ್ನು ಗುರುತಿಸದಿರಲಾರರು. ತನಿ ಆವರ್ತನ ಮೊದಲಾಗುತ್ತಲೇ ಸಭೆಯಲ್ಲಿ ಅರ್ಧಕ್ಕರ್ಧ ಜನ ಕಾಫಿಗೆಂದು ಏಳುವಾಗ, ಮುಂದಿನ ಸಾಲಿನಲ್ಲಿ ತೊಡೆಯನ್ನು ಕೆಂಪಗೆ ತಟ್ಟಿಕೊಳ್ಳುತ್ತಾ ಕುಳಿತಿರುವ ಮಹನೀಯನ ಖಾಸಾ ವಂಶಸ್ಥನೇ ಇವನು. ರಾಗಮಾಧುರ್ಯವೆಂಬುದು ಇಬ್ಬರಿಗೂ ದಾಕ್ಷಿಣ್ಯಕ್ಕೆ ಸಹಿಸತಕ್ಕ ವಸ್ತು. ಬಾಯಲ್ಲಿ ಗುನುಗಬಹುದಾದ ಹಾಡು ಎಂಬುದಕ್ಕಿಂತ ಕೀಳಾದ ಬೈಗುಳವು ಇವನ ನಿಘಂಟಿನಲ್ಲಿಲ್ಲ.

ಕಳೆದ ವರ್ಷ ಹೆಣ್ಣು ನೋಡುವ ಶಾಸ್ತ್ರಕ್ಕೆ ನನ್ನನ್ನೂ ಕರೆದೊಯ್ದಿದ್ದರು. ಹುಡುಗನಿಗೆ ಸಂಗೀತವೆಂದರೆ ಪ್ರಾಣವೆಂದು ತಾಯಿಯವರು ಮಾತಿಗೆ ಹೇಳಿಬಿಟ್ಟರು. ಹುಡುಗಿಯ ತಂದೆ ಹಿಗ್ಗಿ, "ಸಂತೋಷ! ಕರ್ನಾಟಕಿಯೋ, ಹಿಂದೂಸ್ತಾನಿಯೋ?" ಎಂದರು.

"ಫ್ಲಾರಿಡಾ ಕಡೇದು" ಎಂದನು ಇವನು, ತಲೆ ತಗ್ಗಿಸಿ.

"ಓಹೋ, ಅಮೆರಿಕಕ್ಕೂ ಹೋಗಿಬಂದಿದ್ದೀರೋ!" ಎಂದು ಅವರು, ಇನ್ನೊಂದು ತಟ್ಟೆ ಕೇಸರಿಬಾತು ತರಲು ಒಳಕ್ಕೆ ಕೂಗಿ ಹೇಳಿದರು.