ಮುತ್ತಿನ ಬಳ್ಳಿಯ ಉಪಚಾರ

ದಕ್ಷಿಣ ಆಫ್ರಿಕದ ಪೂರ್ವ ಕೇಪ್ ಪ್ರಾಂತದ ಒಣನೆಲದಲ್ಲಿ, ಪೊದೆಗಳ ನೆರಳನ್ನಾಶ್ರಯಿಸಿ, ಯಾರ ಹಂಗೂ ಇಲ್ಲದೆ ತೆವಳಿಕೊಂಡು ಬಾಳುವ ‘ಸ್ಟ್ರಿಂಗ್ ಆಫ್ ಪರ್ಲ್ಸ್’ ಎಂಬ ಬಳ್ಳಿಯು ನಮ್ಮ ವರಾಂಡಗಳ ತೂಗುಕುಂಡವನ್ನೇರಿದೊಡನೆಯೇ ಅತಿಥಿಸತ್ಕಾರವೆಂಬ ಮಹಾವಿಪತ್ತಿಗೆ ಗುರಿಯಾಗುತ್ತದೆ. ಹಸಿರು ಬಟಾಣಿಯಂತಹ ಅದರ ಒಂದೊಂದು ಎಲೆಯೂ ನೀರನ್ನು ತುಂಬಿಟ್ಟುಕೊಂಡಿರುವುದಲ್ಲದೆ, ಬೆಳಕು ಒಳಹೊಗಲೆಂದು ಮೈಮೇಲೊಂದು ಪಾರದರ್ಶಕವಾದ ಗೀರನ್ನೂ ಧರಿಸಿದೆ. ಇಂತಹ ಸ್ವಾವಲಂಬಿಗೆ ಬೆಳಗ್ಗೆ ಯಜಮಾನರು ಒಂದು ತಂಬಿಗೆ, ಅದನ್ನರಿಯದ ಅತ್ತೆಯವರು “ಪಾಪ, ಬಾಡಿದೆ” ಎಂದು ಇನ್ನೊಂದು ತಂಬಿಗೆ ಸುರಿದರೆ, ಬೇರು ಕೊಳೆತು ಮುತ್ತುಗಳು ಲೊಳೆಯಾಗಿ ಉದುರದೆ ಮತ್ತೇನಾದೀತು? ಮಣ್ಣು ಪೂರ್ತಿ ಒಣಗಿ ಎಲೆಗಳು ತುಸು ಸುಕ್ಕಾಗುವ ಪರ್ಯಂತ ಕೈಕಟ್ಟಿ ಕುಳಿತಿರುವುದೇ ಇದರ ಶುಶ್ರೂಷೆ. ಆಲಸ್ಯಕ್ಕೆ ಇಷ್ಟು ಶಾಸ್ತ್ರೀಯವಾದ ಸಮ್ಮತಿ ಅನ್ಯತ್ರ ದೊರೆಯದು. ದಾಲ್ಚಿನ್ನಿಯ ಪರಿಮಳವುಳ್ಳ ಅದರ ಬಿಳಿಯ ಹೂವನ್ನು ಕಾಣುವ ಆಸೆಯುಳ್ಳವರು ಮೊದಲು ಮನೆಯ ತಂಬಿಗೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕತಕ್ಕದ್ದು.