ನಂದಿಬೆಟ್ಟದಲ್ಲಿ ಹಿಮಾಲಯ

ಮಾರ್ಚ್ ಮುಗಿಯುತ್ತಲೇ ಯಲಹಂಕ ನ್ಯೂಟೌನಿನ ನಮ್ಮ ಪಕ್ಕದ ಮನೆ ರಾಯರಿಗೆ ಹಿಮಾಲಯದ ಹುಚ್ಚು ಕೆದರುತ್ತದೆ. ಅಲ್ಲಿ ಹಿಮ ಕರಗುವ ಕಾಲ. ಬೆಳಗಿನ ಜಾವ ಕಲ್ಲಿನಂತಿದ್ದ ದಾರಿ ಬಿಸಿಲೇರಿದ ಮೇಲೆ ಮೆತ್ತಗಾಗಿ, ಕಾಲು ಮೊಣಕಾಲವರೆಗೆ ಹೂತುಹೋಗುತ್ತದೆ. ಮಳೆಗಾಲದಲ್ಲಿ ಹೆಬ್ಬಾಳದ ಸರ್ವೀಸ್ ರಸ್ತೆ ದಾಟಿದವರಿಗೆ ಅದೇನು ಮಹಾ!

ಅಭ್ಯಾಸಕ್ಕೆ 1,478 ಮೀಟರ್ ಎತ್ತರದ ನಂದಿಬೆಟ್ಟ ಇದ್ದೇ ಇದೆ. ಅರ್ಕಾವತಿ ಹುಟ್ಟುವ ಈ ಬೆಟ್ಟದಲ್ಲಿ ಕರಗಲು ಹಿಮವಿಲ್ಲ. ಇರುವ ಮಂಜೂ ಬಿಸಿಲಿಗೆ ಮಾಯ. ಆದರೂ ರಾಯರು ಸ್ವೆಟರು, ಗ್ಲೌಸು ತೊಟ್ಟು, ಬೂಟಿಗೆ ಕಬ್ಬಿಣದ ಮುಳ್ಳು ಬಿಗಿದು ಮೆಟ್ಟಿಲ ಮೇಲೆ ಟಕಟಕ ಹತ್ತಿದರು. ಸೌತೆಕಾಯಿ ಮಾರುವಾಕೆ ಬಗ್ಗಿ ನೋಡಿ, "ಲಾಳ ಯಾರು ಹೊಡೆದ್ರಣ್ಣ?" ಎಂದಳು.

ಮನೆಯಲ್ಲಿ ಅವರ ಹೆಂಡತಿಯ ದೂರೇ ಬೇರೆ: "ಫ್ರಿಜ್ಜಲ್ಲಿ ಕಟ್ಟಿರೋ ಐಸ್ ಕರಗಿಸ್ರೀ ಅಂತ ಯುಗಾದಿಯಿಂದ ಬಡ್ಕೋತಿದೀನಿ!"